ಎರಡು ಸೂರ್ಯರ ಊರಿನ ರಾತ್ರಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಇಲ್ಲದಿದ್ದರೆ ಅಂಗಿ ತೊಟ್ಟಂತೆಯೇ ಅನ್ನಿಸದ ಜಾತಿ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಅದರಲ್ಲಿನ ತಪ್ಪು ಹುಡುಕುತ್ತಿದ್ದೆ, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದೆ. ಈ ಚಟದಿಂದ ಎಷ್ಟೋ ಜನ ನನ್ನಿಂದ ದೂರವಾದರು. ಅದಕ್ಕೆ ನನಗೆ ಅಂಥ ಬೇಸರವೇನೂ ಇಲ್ಲ. ಆದರೆ ಇದೇ ಚಟದಿಂದ ಹಿರಿಯೂರಿನಲ್ಲಿ ಇಬ್ಬರು ಹೆಂಗಸರು ಕಟ್ಟಿಕೊಂಡಿದ್ದ ಒಂದು ಮನೆ ಒಡೆಯಿತು. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನನಗೊಂದು ಬಾಡಿಗೆ ಕೋಣೆ ಇತ್ತು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಕೇಳಿದವರಿಗೆ ಜಾತಕದಲ್ಲಿ ದೋಷವಿದೆ ಎನ್ನುತ್ತಿದ್ದೆ. ನಿಜವೆಂದರೆ ನನ್ನ ಮನಸ್ಸು ಹೋಗುತ್ತಿದ್ದದ್ದು ಗಂಡಸರ ಕಡೆಗೆ, ಮತ್ತು ಅದನ್ನು ಹೇಳಿಕೊಳ್ಳಲು ಆಗ ಮರ್ಯಾದೆಯ ಒಂದು ಶಬ್ದವೂ ಇರಲಿಲ್ಲ. ಇದ್ದ ಶಬ್ದಗಳೆಲ್ಲ ಬೈಗುಳಗಳೇ. ಜಿಲ್ಲೆಯಲ್ಲೆಲ್ಲ ಹೀಗಿರುವವನು ನಾನೊಬ್ಬನೇ ಎಂದು ನಂಬಿಕೊಂಡಿದ್ದೆ. ಇದರ ಜೊತೆಗೆ ನನಗೆ ಇನ್ನೊಂದು ಹುಚ್ಚು, ವೈಜ್ಞಾನಿಕ ಕಥೆಗಳದ್ದು. ಬೇರೆ ಗ್ರಹಗಳು, ರಾಕೆಟ್ಟು, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರ, ಇಂಥವು ಎಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಎರಡು ಹುಚ್ಚುಗಳಲ್ಲಿ ಹೊರಗೆ ತೋರಿಸಲು ಆಗುತ್ತಿದ್ದದ್ದು ಇದೊಂದೇ.

ಒಂದು ಮಾಸಪತ್ರಿಕೆಯಲ್ಲಿ ಚಂದ್ರನ ಮೇಲಿನ ಕಥೆ ಬಂದಿತ್ತು. ಅದರಲ್ಲಿ ನಾಯಕನ ಪಂಚೆ ಗಾಳಿಗೆ ಹಾರಾಡುತ್ತದೆ. ಚಂದ್ರನಲ್ಲಿ ಗಾಳಿ ಎಲ್ಲಿಂದ ಬಂತು ಎಂದು ನಾನು ಉರಿದುಕೊಂಡು ಒಂದು ಪತ್ರ ಬರೆದೆ. ಅವರು ಅದನ್ನು ವಿಳಾಸ ಸಮೇತ ಅಚ್ಚು ಹಾಕಿದರು. ಆಮೇಲೆ ನನಗೆ ಮೂರು ಕಾಗದ ಬಂದವು. ಹೊಳಲ್ಕೆರೆಯ ಒಬ್ಬ ಅಂಚೆ ಗುಮಾಸ್ತರು ನೀವು ಹೇಳಿದ್ದು ಸರಿ ಎಂದಿದ್ದರು. ಹೊಸದುರ್ಗದ ಒಬ್ಬ ದರ್ಜಿ, ಕಥೆ ಕಥೆಯ ಹಾಗೇ ಇರಲಿ ಬಿಡಿ, ಆದರೆ ಚಂದ್ರನಲ್ಲಿ ಪಂಚೆ ಉಡುವುದು ಮಾತ್ರ ಪೆದ್ದತನ ಎಂದಿದ್ದರು. ಹಿರಿಯೂರಿನ ಆಸ್ಪತ್ರೆಯ ಒಬ್ಬ ನರ್ಸು, ಇಷ್ಟು ತಪ್ಪು ಹಿಡಿಯುವವರು ನೀವೇ ಒಂದು ಕಥೆ ಬರೆದು ತೋರಿಸಿ ಎಂದು ನನ್ನನ್ನೇ ಜಾಡಿಸಿದ್ದರು.

ಹಾಗೆ ಶುರುವಾದದ್ದು ನಮ್ಮ ಕೈಬರಹದ ಪತ್ರಿಕೆ. ಒಂದೇ ಒಂದು ದಪ್ಪ ನೋಟ್‌ಬುಕ್ಕು. ನಾನು ಒಂದು ಅಧ್ಯಾಯ ಬರೆದು ಹಿರಿಯೂರಿಗೆ ಕಳಿಸಬೇಕು, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಮತ್ತೆ ದುರ್ಗ. ಪ್ರತಿಯೊಬ್ಬರೂ ಕಥೆಯನ್ನು ಮುಂದುವರಿಸಬೇಕು. ಕೊನೆಯ ಹದಿನೈದು ಹಾಳೆ ಓದುಗರ ಅಭಿಪ್ರಾಯಕ್ಕೆ ಮೀಸಲು. ಓದುಗರೂ ನಾವೇ, ಬರೆಯುವವರೂ ನಾವೇ. ಆದರೂ ಅಭಿಪ್ರಾಯದ ಪುಟದಲ್ಲಿ ನಾವು ಒಬ್ಬರನ್ನೊಬ್ಬರು ಸುಮ್ಮನೆ ಬಿಡುತ್ತಿರಲಿಲ್ಲ. ನಾನಂತೂ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸು ಕೊಡುತ್ತಿದ್ದೆ. ನನ್ನ ಅಧ್ಯಾಯಕ್ಕೆ ಮಾರ್ಕ್ಸು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಅಥವಾ ಅಷ್ಟು ಪುರುಸೊತ್ತು ಇರಲಿಲ್ಲ.

ಎರಡನೆಯ ಸುತ್ತಿನಲ್ಲಿ ಹೊಸದುರ್ಗದ ದರ್ಜಿ ಬರೆದ ಅಧ್ಯಾಯವನ್ನು ನಾನು ಎರಡೆರಡು ಸಲ ಓದಿದೆ. ನಮ್ಮ ಕಥೆ ನಡೆಯುವ ಗ್ರಹದ ಒಂದು ಬಾವಿಕಟ್ಟೆಯ ಮೇಲೆ ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗಾಗಿ ಕಾಯುತ್ತಾನೆ. ಅವನು ಬರುತ್ತಾನೆ. ಇಬ್ಬರೂ ಒಂದೇ ಮನೆಗೆ ಹೋಗಿ ಅಡಿಗೆ ಮಾಡಿಕೊಂಡು ಉಣ್ಣುತ್ತಾರೆ. ಊರಿನವರು ನೋಡಿ, ಏನಪ್ಪ ಸಾರು ಎಂದು ಕೇಳಿ ಮುಂದೆ ಹೋಗುತ್ತಾರೆ. ಅಷ್ಟೇ. ನೋಟ್‌ಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿ ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ, ಸಿಕ್ಕಿಸಿ ಹಾಕುತ್ತಿದ್ದಾರೋ ಎಂಬ ಭಯ. ಕೊನೆಗೆ ಒಂದು ಭಾನುವಾರ ಬಾಗಿಲ ಚಿಲಕ ಹಾಕಿಕೊಂಡು, ಆ ಬಾವಿಕಟ್ಟೆಯ ಪಕ್ಕದ ಬೀದಿಯಲ್ಲಿ ಅಂಥದೇ ಇನ್ನೊಂದು ಮನೆ ಇದೆ, ಅಲ್ಲಿ ಒಬ್ಬ ಮೇಷ್ಟ್ರು ಯಾರಾದರೂ ಬರಲಿ ಎಂದು ಕಾಯುತ್ತಿದ್ದಾನೆ ಎಂದು ಬರೆದೆ. ಮುಂದಿನ ಸುತ್ತಿನಲ್ಲಿ ಉಳಿದಿಬ್ಬರೂ ತಮ್ಮ ತಮ್ಮ ಮನೆಗಳನ್ನು ಆ ಊರಿನಲ್ಲಿ ಕಟ್ಟಿದರು. ಹೀಗೆ ಯಾರೂ ಏನೂ ಹೇಳದೆ ನಾಲ್ವರಿಗೂ ಎಲ್ಲವೂ ಗೊತ್ತಾಯಿತು.

ಆಮೇಲೆ ತಿಂಗಳಿಗೊಂದು ಭಾನುವಾರ ಮಾರಿಕಣಿವೆಯ ಡ್ಯಾಮಿನ ಹತ್ತಿರ ಸೇರುತ್ತಿದ್ದೆವು. ಬುತ್ತಿ ಕಟ್ಟಿಕೊಂಡು ನೀರು ನೋಡಲು ಬಂದ ಜನರ ನಡುವೆ ನಾವೂ ಒಂದು ಗುಂಪು. ನಾವು ಅದನ್ನು ಸಂಘ ಎನ್ನುತ್ತಿದ್ದೆವು. ಸಂಘದ ನಿಯಮಗಳನ್ನು ಮಾಡಿದವರು ಅಂಚೆಯವರು. ಯಾರೂ ಯಾರ ಹೆಸರನ್ನೂ ಹಿಡಿಯಬಾರದು, ಊರಿನ ಹೆಸರಿನಿಂದಲೇ ಕರೆಯಬೇಕು. ಹಾಗಾಗಿ ನಾನು ದುರ್ಗ, ಅವರು ಹೊಳಲ್ಕೆರೆ, ದರ್ಜಿ ಹೊಸದುರ್ಗ, ನರ್ಸು ಹಿರಿಯೂರಮ್ಮ. ಎರಡನೆಯ ನಿಯಮ, ನೋಟ್‌ಬುಕ್ಕು ಅಂಚೆಯಲ್ಲಿ ಹೋಗಕೂಡದು. ಅದು ತುರ್ತು ಪರಿಸ್ಥಿತಿಯ ಕಾಲ.

“ಅಂಚೇಲಿ ಬ್ಯಾಡ್ರಿ. ಒಳಗೆ ಏನೈತೆ ಅಂತ ಬಿಚ್ಚಿ ನೋಡೋ ಕಾಲ ಇದು” ಎಂದರು ಹೊಳಲ್ಕೆರೆಯವರು. “ನಾವು ಇಂಥೋರು ಅಂತ ತಿಳಿದ್ರೂ ಒಳಗೆ ಹಾಕ್ತಾರೆ. ಗ್ರಹ, ಸಂಘ ಅಂತ ನೋಡಿ ಇದೇನೋ ಗುಪ್ತ ಭಾಷೆ ಅಂತ ತಿಳಿದ್ರೂ ಒಳಗೆ ಹಾಕ್ತಾರೆ.”

ಹಾಗಾಗಿ ನೋಟ್‌ಬುಕ್ಕು ಬಸ್ಸಿನಲ್ಲಿ ಓಡಾಡುತ್ತಿತ್ತು. ಬುಧವಾರದ ಬಸ್ಸಿನ ಕಂಡಕ್ಟರು ದರ್ಜಿಯವರ ನೆಂಟರು, ಅದು ಬಟ್ಟೆಯ ಅಳತೆ ಪುಸ್ತಕ ಎಂದು ನಂಬಿದ್ದವರು. ದರ್ಜಿಯವರು ಅದಕ್ಕೆ ನೀಲಿ ಪಟ್ಟೆಯ ಪೈಜಾಮ ಬಟ್ಟೆಯ ರಟ್ಟು ಕಟ್ಟಿ, ಅಳತೆಗೆ ಸರಿಯಾಗಿ ಒಂದು ಚೀಲ ಹೊಲಿದಿದ್ದರು. ಕಳಿಸುವವರು ಚೀಲದ ಬಾಯನ್ನು ದಾರದಿಂದ ಹೊಲಿಯಬೇಕು. ಅದಕ್ಕೆ ಅವರೇ ಕಂಡುಹಿಡಿದ ಒಂದು ಹೊಲಿಗೆ ಇತ್ತು, ಮೂರು ಮುಂದೆ, ಒಂದು ಹಿಂದೆ, ಕೊನೆಗೆ ಒಂದು ಗಂಟು. ಯಾರಾದರೂ ಬಿಚ್ಚಿ ಮತ್ತೆ ಹೊಲಿದಿದ್ದರೆ ಪಡೆದವರಿಗೆ ಕೂಡಲೇ ತಿಳಿಯಬೇಕು. ಡ್ಯಾಮಿನ ಮೆಟ್ಟಿಲ ಮೇಲೆ ಕೂತು ಅವರು ನಮಗೆ ಅದನ್ನು ಕಲಿಸಿದ್ದರು. ನನ್ನ ಹೊಲಿಗೆ ನೋಡಿ, ಮೇಷ್ಟ್ರೆ ಇದಕ್ಕೆ ಹತ್ತಕ್ಕೆ ಎರಡು ಎಂದು ಅಣಕಿಸಿದ್ದರು.

ಹಿರಿಯೂರಮ್ಮನ ಜೊತೆಗೆ ಇನ್ನೊಬ್ಬರು ಬರುತ್ತಿದ್ದರು. ಅವರ ಕ್ವಾರ್ಟರ್ಸಿನಲ್ಲೇ ಇದ್ದ ಪ್ರೈಮರಿ ಶಾಲೆಯ ಟೀಚರು. ಊರಿಗೆ ಅವರು ದೂರದ ಅಕ್ಕತಂಗಿಯರು. ನಮಗೆ ಗೊತ್ತಿತ್ತು, ಅವರು ಆರು ವರ್ಷದಿಂದ ಸಂಸಾರ ಮಾಡುತ್ತಿರುವವರು. ಟೀಚರು ಚಿಕ್ಕವರಿದ್ದಾಗ ಒಲೆಗೆ ಬಿದ್ದು ಎಡಗೈಯ ಎರಡು ಬೆರಳು ಅಂಟಿಕೊಂಡಿದ್ದವು. ಅವರು ಒಂದು ಸಾಲೂ ಬರೆಯುತ್ತಿರಲಿಲ್ಲ, ನಾನು ಓದುವವಳು ಅಷ್ಟೇ ಎನ್ನುತ್ತಿದ್ದರು. ಆದರೆ ಹಿರಿಯೂರಮ್ಮನ ಅಧ್ಯಾಯಕ್ಕೆ ನಾನು ಏಳು ಕೊಟ್ಟರೆ ಎಂಟು ಯಾಕಿಲ್ಲ ಎಂದು ನನ್ನ ಜೊತೆ ಜಗಳಕ್ಕೆ ಬರುತ್ತಿದ್ದರು. ಒಂದನೇ ತರಗತಿಯ ಮಕ್ಕಳಿಗೂ ನಾನು ನಿಮಗಿಂತ ಧಾರಾಳವಾಗಿ ಮಾರ್ಕ್ಸು ಹಾಕುತ್ತೇನೆ ಎನ್ನುತ್ತಿದ್ದರು. ಮತ್ತೋಡಿನಲ್ಲಿ ಅವರಿಗೊಬ್ಬ ಅಣ್ಣ ಇದ್ದ. ವರ್ಷಕ್ಕೆರಡು ಸಲ ಗಂಡು ಹುಡುಕಿಕೊಂಡು ಬರುತ್ತಿದ್ದ, ಇವರು ಕೆಲಸದ ನೆಪ ಹೇಳಿ ಸಾಗಹಾಕುತ್ತಿದ್ದರು. ಅಣ್ಣನ ಕಿವಿಗೆ ಏನಾದರೂ ಬಿದ್ದರೆ ಅಲ್ಲಿಗೆ ಆ ಮನೆ ಮುಗಿಯಿತು ಎಂಬುದು ನಮಗೆಲ್ಲ ಗೊತ್ತಿತ್ತು.

ಇನ್ನು ನಮ್ಮ ಗ್ರಹದ ವಿಷಯ. ಅದನ್ನು ಸೃಷ್ಟಿ ಮಾಡಿದವನು ನಾನು, ಮೊದಲ ಅಧ್ಯಾಯ ನನ್ನದು. ಒಂದು ನೋಟ್‌ಬುಕ್ಕು ತುಂಬಿ ಹೊಸದು ಶುರುವಾದಾಗಲೆಲ್ಲ ಆ ಅಧ್ಯಾಯವನ್ನೇ ಅದರ ಮೊದಲಿಗೆ ನಕಲು ಮಾಡುತ್ತಿದ್ದೆ. ಅಲ್ಲಿ ಎರಡು ಸೂರ್ಯರು. ಗ್ರಹ ಹಿರಿಸೂರ್ಯನ ಸುತ್ತ ತಿರುಗುತ್ತದೆ. ಕಿರಿಸೂರ್ಯ ದೂರದಲ್ಲಿ ಒಂದೇ ಕಡೆ ನಿಂತಿದ್ದಾನೆ. ಹಿರಿಸೂರ್ಯ ಮುಳುಗುವ ಹೊತ್ತಿಗೆ ಕಿರಿಸೂರ್ಯ ಹುಟ್ಟುತ್ತಾನೆ. ಆದ್ದರಿಂದ ಅಲ್ಲಿ ರಾತ್ರಿ ಎಂಬುದೇ ಇಲ್ಲ ಎಂದು ಬರೆದಿದ್ದೆ. ಇದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. ನಮ್ಮಂಥವರು ಏನು ಮಾಡಿದರೂ ಕತ್ತಲಲ್ಲಿ, ಕದ್ದು ಮುಚ್ಚಿ. ಕತ್ತಲೇ ಬೇಡದ ಒಂದು ಊರು ಇರಲಿ, ಎಲ್ಲವೂ ಹಗಲು ಬೆಳಕಿನಲ್ಲಿ ನಡೆಯಲಿ ಎಂಬುದು ನನ್ನ ಆಸೆ.

ಅಂಥ ಗ್ರಹದಲ್ಲಿ ಹಿರಿಯೂರಮ್ಮ ಒಂದು ರಾತ್ರಿ ಬರೆದುಬಿಟ್ಟರು. ಆ ಸುತ್ತು ಮುಗಿದು ನೋಟ್‌ಬುಕ್ಕು ಒಂದು ಶುಕ್ರವಾರ ನನ್ನ ಕೈಗೆ ಬಂದಿತ್ತು. ಇಬ್ಬರು ಹೆಂಗಸರು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾರೆ. ಒಬ್ಬಳ ಎಡಗೈಯ ಎರಡು ಬೆರಳು ಕೂಡಿಕೊಂಡಿವೆ. ಇನ್ನೊಬ್ಬಳು ಆ ಬೆರಳನ್ನು ಹಿಡಿದುಕೊಂಡು, ಅದರಿಂದಲೇ ಆಕಾಶದಲ್ಲಿ ಒಂದೊಂದೇ ನಕ್ಷತ್ರ ತೋರಿಸುತ್ತಾಳೆ. ಪಕ್ಕದಲ್ಲಿ ನುಗ್ಗೆಮರ, ಕೆಳಗೆ ಆಸ್ಪತ್ರೆಯ ಕಾಂಪೌಂಡು. ನನ್ನ ಜಾಗದಲ್ಲಿ ಬೇರೆಯವರಿದ್ದರೆ ಮೊದಲು ಹೆದರುತ್ತಿದ್ದರು, ಇದೇನು ಇಷ್ಟು ಬಿಚ್ಚಿ ಬರೆದಿದ್ದಾರಲ್ಲ ಎಂದು. ನನಗೆ ಹೊಳೆದದ್ದು ಒಂದೇ. ರಾತ್ರಿಯೇ ಇಲ್ಲದ ಕಡೆ ನಕ್ಷತ್ರ ಹೇಗೆ ಕಾಣುತ್ತದೆ? ಕೆಂಪು ಪೆನ್ನು ತೆಗೆದು ಪುಟದ ಅಂಚಿನಲ್ಲಿ ಬರೆದೆ: “ಇಲ್ಲಿ ನಕ್ಷತ್ರ ಕಾಣುವುದು ಅಸಾಧ್ಯ. ಒಂದನೇ ಅಧ್ಯಾಯ ನೋಡಿ. ತಿದ್ದಿ ಬರೆಯಿರಿ. ಹತ್ತಕ್ಕೆ ಆರು.”

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬುಧವಾರದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಆ ನಕ್ಷತ್ರಗಳು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡತೊಡಗಿದವು. ತಪ್ಪು ಇರುವ ಪುಸ್ತಕವನ್ನು ಐದು ದಿನ ಕೋಣೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಶನಿವಾರ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ, ಅರ್ಧ ದಿನದ ಶಾಲೆ ಮುಗಿಸಿ ಸೀದಾ ಬಸ್‌ಸ್ಟ್ಯಾಂಡಿಗೆ ಹೋದೆ. ಚೀಲ ಕೋಣೆಯಲ್ಲಿತ್ತು, ಹೊಲಿಯಲು ಕೂತರೆ ಬಸ್ಸು ತಪ್ಪುತ್ತಿತ್ತು. ಬ್ಯಾಗಿನಲ್ಲಿದ್ದ ಹಳೆಯ ವಿಜ್ಞಾನ ಪ್ರಶ್ನೆಪತ್ರಿಕೆಯ ಹಾಳೆಗಳಲ್ಲಿ ನೋಟ್‌ಬುಕ್ಕನ್ನು ಸುತ್ತಿ ಹುರಿ ಕಟ್ಟಿದೆ. ಗುರುತಿಲ್ಲದ ಒಬ್ಬ ಕಂಡಕ್ಟರಿಗೆ ಕೊಟ್ಟು, ನಮ್ಮ ಕಟ್ಟು ಯಾವಾಗಲೂ ಇಳಿಯುತ್ತಿದ್ದ ಹಿರಿಯೂರು ಸ್ಟ್ಯಾಂಡಿನ ಸೋಡಾ ಅಂಗಡಿಯಲ್ಲಿ ಇಳಿಸಿಬಿಡಿ ಎಂದೆ. ಆತ ಟಿಕೆಟ್ ಹರಿಯುತ್ತ ಹೂಂ ಎಂದ. ಪುಣ್ಯದ ಕೆಲಸ ಮಾಡಿದವನ ಹಾಗೆ ಹೋಟೆಲಿಗೆ ಹೋಗಿ ದೋಸೆ ತಿಂದೆ.

ಎಂಟು ದಿನ ಬಿಟ್ಟು ಭಾನುವಾರ ಡ್ಯಾಮಿನ ಹತ್ತಿರ ಎಲ್ಲರೂ ಸೇರಿದಾಗ ನಾನೇ ಮೊದಲು ಕೇಳಿದೆ, ನಕ್ಷತ್ರ ತಿದ್ದಿದಿರಾ ಎಂದು. ಹಿರಿಯೂರಮ್ಮ ನನ್ನ ಮುಖ ನೋಡಿದರು. ಯಾವ ನಕ್ಷತ್ರ ಎಂದರು. ಪುಸ್ತಕ ನಿಮ್ಮ ಹತ್ತಿರವೇ ಇದೆಯಲ್ಲ ಎಂದರು. ನಾನು ಶನಿವಾರದ ಕಥೆ ಹೇಳಿದೆ. ಚೀಲ ಹೊಲಿದಿದ್ದಿರಲ್ಲ ಎಂದು ದರ್ಜಿಯವರು ಕೇಳಿದರು. ಇಲ್ಲ ಎಂದೆ. ಯಾವುದರಲ್ಲಿ ಸುತ್ತಿದಿರಿ ಎಂದು ಅಂಚೆಯವರು ಕೇಳಿದರು. ಪ್ರಶ್ನೆಪತ್ರಿಕೆಯ ಮೇಲೆ ನಮ್ಮ ಶಾಲೆಯ ಹೆಸರು ಅಚ್ಚಾಗಿತ್ತು ಎಂಬುದು ಆಗ ನೆನಪಾಯಿತು. ಟೀಚರು ತಮ್ಮ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತಂದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ಸೋಡಾ ಅಂಗಡಿಯವನನ್ನು ವಿಚಾರಿಸಿದೆವು, ಅವನಿಗೆ ಏನೂ ತಲುಪಿರಲಿಲ್ಲ. ಆ ಕಂಡಕ್ಟರು ಬೇರೆ ರೂಟಿಗೆ ಹೋಗಿದ್ದ. ಬಹಳ ಕೇಳಿದರೆ ಅದರಲ್ಲಿ ಅಂಥದ್ದೇನಿತ್ತು ಎಂದು ತಿರುಗಿ ಕೇಳುತ್ತಾರೆಂಬ ಹೆದರಿಕೆಗೆ ಹುಡುಕುವುದನ್ನೂ ನಿಲ್ಲಿಸಿದೆವು. ಇನ್ನು ಕೆಲವು ತಿಂಗಳು ಸೇರುವುದು ಬೇಡ ಎಂದು ಹೊಳಲ್ಕೆರೆಯವರು ಹೇಳಿದರು. ಅದರಂತೆಯೇ ಆಯಿತು.

ಭಯ ಎಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಅಲ್ಲಿಯವರೆಗೆ ಇದ್ದದ್ದು ಅಭ್ಯಾಸ ಅಷ್ಟೇ. ಈಗ ಬೆಳಿಗ್ಗೆ ಓಣಿಯಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅನ್ನಿಸುತ್ತಿತ್ತು. ಬೋರ್ಡಿನ ಮೇಲೆ ಬರೆಯಲು ಹೆದರಿಕೆ, ನನ್ನ ಅಕ್ಷರವನ್ನು ಯಾರಾದರೂ ನೋಟ್‌ಬುಕ್ಕಿನ ಅಕ್ಷರಕ್ಕೆ ಹೋಲಿಸಿದರೆ? ಹತ್ತು ವರ್ಷ ಓದಿಸಿದ ಮಕ್ಕಳಿಗೆಲ್ಲ ನನ್ನ ಕೈಬರಹ ಬಾಯಿಪಾಠ. ಒಂದು ವಾರ ಅಕ್ಷರವನ್ನು ಬೇಕೆಂದೇ ವಾರೆಯಾಗಿ ಬರೆದೆ. ಮಕ್ಕಳು ಸಾರ್‌ಗೆ ಕೈ ನೋವು ಎಂದುಕೊಂಡು ಬೋರ್ಡು ಒರೆಸಲು ಪೈಪೋಟಿ ಮಾಡಿದರು.

ಒಂದು ದಿನ ಹೆಡ್‌ಮಾಸ್ತರು ಚೀಟಿ ಕಳಿಸಿದರು. ಒಳಗೆ ಹೋದರೆ ಬಾಗಿಲು ಹಾಕಿ ಬನ್ನಿ ಎಂದರು. ಚಿಲಕ ಹಾಕಿ ಬಂದೆ. ಕುಂತ್ಕಳ್ರಿ ಎಂದರು. ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಏನೋ ಇತ್ತು. ಒಂಟಿ ಮೇಷ್ಟ್ರ ಬಗ್ಗೆ ಜನ ಏನೇನೋ ಮಾತಾಡುತ್ತಾರೆ, ಇದು ನಿಮಗೂ ಒಳ್ಳೆಯದಲ್ಲ, ಶಾಲೆಗೂ ಒಳ್ಳೆಯದಲ್ಲ ಎಂದು ಶುರು ಮಾಡಿದರು. ನಾನು ರಾಜೀನಾಮೆಯ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದುಕೊಂಡೆ. ಆಮೇಲೆ ಅವರು ಆ ಕಾಗದ ಬಿಚ್ಚಿದರು. ಒಳಗೆ ಒಂದು ಫೋಟೋ. ತಾಳ್ಯದ ಕಡೆಯ ಹುಡುಗಿ, ಅವರ ಹೆಂಡತಿಯ ಸಂಬಂಧಿ. ಜಾತಕದ ದೋಷವನ್ನು ಇನ್ನೊಮ್ಮೆ ಹೇಳಿ ಹೊರಗೆ ಬಂದೆ. ಲ್ಯಾಬಿಗೆ ಹೋಗಿ ತೊಳೆದಿಟ್ಟಿದ್ದ ಗಾಜಿನ ನಳಿಕೆಗಳನ್ನೇ ಮತ್ತೆ ತೊಳೆದೆ. ಆವತ್ತು ಅಪರೂಪಕ್ಕೆ ನಗು ಬರಬೇಕಿತ್ತು, ಬರಲಿಲ್ಲ.

ದರ್ಜಿಯವರು ಒಮ್ಮೆ ಬಟ್ಟೆ ಕೊಳ್ಳುವ ನೆಪ ಮಾಡಿಕೊಂಡು ದುರ್ಗಕ್ಕೆ ಬಂದು ನನ್ನ ಕೋಣೆಯಲ್ಲಿ ಕೂತರು. ಅವರ ಮುತ್ತಾತಂದಿರ ಕಾಲದಿಂದಲೂ ಆ ಮನೆತನದವರು ಸೂಜಿ ಹಿಡಿದವರು. ಆ ವಾರ ಒಂದೇ ಅಂಗಿಯನ್ನು ಎರಡು ಸಲ ತಪ್ಪು ಕತ್ತರಿಸಿದೆ ಎಂದರು. ನನ್ನ ಮೇಲೆ ಅವರು ಸಿಟ್ಟು ಮಾಡಲಿಲ್ಲ. “ನನ್ ಹೆಂಡ್ತಿಗೆ ಓದಕ್ಕೆ ಬರಲ್ಲ ಮೇಷ್ಟ್ರೆ. ಆದ್ರೆ ಬಟ್ಟೆ ಗುರ್ತು ಹಿಡೀತಾಳೆ. ಆ ನೀಲಿ ಪಟ್ಟೆ ಬಟ್ಟೆ ಇಡೀ ಹೊಸದುರ್ಗದಾಗೆ ನನ್ ಅಂಗಡೀಲಿ ಮಾತ್ರ ಇದ್ದಿದ್ದು” ಎಂದರು. ಆಮೇಲೆ ಚಹಾ ಕುಡಿದು, ನನ್ನ ಅಂಗಿಯ ಬಿದ್ದ ಗುಂಡಿಯೊಂದನ್ನು ಹೊಲಿದುಕೊಟ್ಟು ಹೋದರು. ಅವರಿಗೆ ರಟ್ಟಿನ ಭಯ, ನನಗೆ ಅಕ್ಷರದ ಭಯ. ಅಂಚೆಯವರು ನಮ್ಮ ತುಂಬಿದ ಹಳೆಯ ಎರಡು ನೋಟ್‌ಬುಕ್ಕುಗಳನ್ನು ನೀರೊಲೆಗೆ ಹಾಕಿದರೆಂದು ಆಮೇಲೆ ತಿಳಿಯಿತು. ಬಾವಿಕಟ್ಟೆಯ ಅಧ್ಯಾಯ ಅದರಲ್ಲಿ ಹೋಯಿತು.

ನಾನು ಅತಿ ಹೆಚ್ಚು ಹೆದರಿದ್ದು ಆ ಬೆರಳುಗಳ ಬಗ್ಗೆ. ಅಕ್ಷರವನ್ನು ಅಲ್ಲಗಳೆಯಬಹುದು, ಬಟ್ಟೆಯನ್ನು ಯಾರಿಗೋ ಮಾರಿದೆ ಎನ್ನಬಹುದು. ಎರಡು ಬೆರಳು ಕೂಡಿದ ಹೆಂಗಸು, ಆಸ್ಪತ್ರೆಯ ಕಾಂಪೌಂಡು, ನುಗ್ಗೆಮರ, ಇವನ್ನು ಓದಿದ ಹಿರಿಯೂರಿನ ಯಾವನಿಗೂ ವಿಳಾಸ ಕೇಳುವ ಅಗತ್ಯ ಬೀಳುತ್ತಿರಲಿಲ್ಲ.

ಎರಡನೆಯ ತಿಂಗಳು ಹಿರಿಯೂರಮ್ಮ ಆಸ್ಪತ್ರೆಯ ಕೆಲಸಕ್ಕೆಂದು ದುರ್ಗಕ್ಕೆ ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಹತ್ತಿರ ಬಂದರು. ನಾನು ಏನೂ ಕೇಳುವ ಮೊದಲೇ ಹೇಳಿದರು.

“ಅವಳು ಹೋದ್ಲು ಮೇಷ್ಟ್ರೆ. ಮತ್ತೋಡಿಗೆ.”

ಮಾತು ಹೊರಗೆ ಬಿದ್ದಿತೇ ಎಂದು ಕೇಳಿದೆ. ಇಲ್ಲ, ಏನೂ ಬಿದ್ದಿಲ್ಲ ಎಂದರು. ಅದೇ ಹಿರಿಯೂರಮ್ಮನಿಗೆ ತಡೆಯಲಾಗದ ಸಂಗತಿಯಾಗಿತ್ತು. ಯಾರೂ ಏನೂ ಅಂದಿರಲಿಲ್ಲ. ಆದರೆ ದಿನಾ ಶಾಲೆಯಿಂದ ಬಂದವರೇ ಟೀಚರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರಂತೆ. ಮಕ್ಕಳ ಎದುರಿಗೂ ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಿದ್ದರಂತೆ. ಬೀದಿಯಲ್ಲಿ ಸೈಕಲ್ ನಿಂತ ಸದ್ದಾದರೆ ಅಣ್ಣ ಬಂದ ಎಂದು ಅಡಿಗೆಮನೆಗೆ ಓಡುತ್ತಿದ್ದರಂತೆ. ಕೊನೆಗೆ, ಅವನಿಗೆ ತಿಳಿದು ನಿನ್ನನ್ನೂ ನನ್ನನ್ನೂ ಬೀದಿಗೆ ಎಳೆಯುವುದಕ್ಕಿಂತ ನಾನೇ ಹೋಗುತ್ತೇನೆ ಎಂದು ಅಣ್ಣನಿಗೆ ಕಾಗದ ಬರೆದರು. ಅಣ್ಣ ನೋಡಿಟ್ಟಿದ್ದ ಗಂಡಿಗೆ ಒಪ್ಪಿಕೊಂಡರು. ರಜಾ ಬರೆದುಕೊಟ್ಟು, ಟ್ರಂಕು ತೆಗೆದುಕೊಂಡು ಹಗಲು ಬಸ್ಸಿಗೆ ಹೋದರು. ಮದುವೆಯೂ ಆಯಿತು. ಅಣ್ಣನಿಗೆ ಇವತ್ತಿಗೂ ಏನೂ ಗೊತ್ತಿಲ್ಲ ಎಂದು ಹಿರಿಯೂರಮ್ಮ ಹೇಳಿದರು. ಅವರ ಬಸ್ಸು ಬಂತು, ಹತ್ತಿದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾಗಿ ಮೂರು ವಾರಕ್ಕೆ ಶಾಲೆಯ ಪ್ಯೂನು ಸ್ಟಾಫ್‌ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಗಂಟು ಇಟ್ಟ. ಗೋಣಿಯ ತುಂಡಿನಲ್ಲಿ ಸುತ್ತಿ, ಕಂಬಳಿಯ ಕರಿ ಉಣ್ಣೆಯ ನೂಲಿನಿಂದ ಬಾಯಿ ಹೊಲಿದಿತ್ತು. ಒತ್ತೊತ್ತಾದ ಗಟ್ಟಿ ಹೊಲಿಗೆ.

“ತುರುವನೂರು ಕಡೆ ಹೆಣ್ಮಗಳು ಸಾ. ವಿಜ್ಞಾನದ ಮೇಷ್ಟ್ರಿಗೆ ಕೊಡ್ರಿ ಅಂದ್ಲು. ಬಸ್ಸಿನ ಸೀಟಿನ ಕೆಳಗೆ ಬಿದ್ದಿತ್ತಂತೆ” ಎಂದ.

ಅವಳ ಹೆಸರೇನು ಎಂದೆ. ಹೇಳಲಿಲ್ಲ ಎಂದ. ಎಷ್ಟು ವಯಸ್ಸು, ಜೊತೆಗೆ ಯಾರಿದ್ದರು, ಎಲ್ಲಿಗೆ ಹೋದಳು ಎಂದು ಕೇಳುತ್ತ ಹೋದೆ. ಏನಾದರೂ ಕಳವಾಗಿದೆಯಾ ಸಾ ಎಂದು ಅವನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಹಿರಿಯೂರಿನಲ್ಲಿ ಇಳಿಸುವುದನ್ನು ಮರೆತ ಆ ಬಸ್ಸು ದುರ್ಗಕ್ಕೆ ಹಿಂತಿರುಗಿ ತುರುವನೂರಿಗೆ ಹೋಗಿತ್ತು, ಸುತ್ತಿದ್ದ ಪ್ರಶ್ನೆಪತ್ರಿಕೆ ನೋಡಿ ಅವಳಿಗೆ ನಮ್ಮ ಶಾಲೆ ತಿಳಿದಿತ್ತು ಎಂದು ಲೆಕ್ಕ ಹಾಕಿಕೊಂಡೆ. ಲ್ಯಾಬಿಗೆ ಹೋಗಿ ಬಾಗಿಲು ಹಾಕಿ, ಬ್ಲೇಡಿನಿಂದ ನೂಲು ಕತ್ತರಿಸಿದೆ. ನೀಲಿ ಪಟ್ಟೆಯ ರಟ್ಟು ಹಾಗೇ ಇತ್ತು. ಒಂದು ಹಾಳೆಯೂ ಹರಿದಿರಲಿಲ್ಲ.

ಕೊನೆಯ ಅಭಿಪ್ರಾಯದ ಪುಟಗಳಲ್ಲಿ ನನಗೆ ಗುರುತಿಲ್ಲದ ಕೈಬರಹವೊಂದು ಇತ್ತು. ಪೆನ್ಸಿಲಿನಲ್ಲಿ, ಎಳೆದೆಳೆದು ಬರೆದ ದುಂಡನೆಯ ಅಕ್ಷರ. ಮೇಲೆ ಒಂದು ಚಿತ್ರ. ನಡುವೆ ಹಿರಿಸೂರ್ಯ, ಅದರ ಸುತ್ತ ಗ್ರಹದ ದಾರಿ, ಪುಟದ ಬಲ ತುದಿಯಲ್ಲಿ ಕಿರಿಸೂರ್ಯ. ದಾರಿಯ ಮೇಲೆ ಗ್ರಹವನ್ನು ಎರಡು ಕಡೆ ಗುರುತು ಮಾಡಿದ್ದರು. ಕೆಳಗೆ ಬರೆದಿತ್ತು:

“ಕೆಂಪು ಶಾಯಿಯವರೆ, ನೀವು ಹೇಳಿದ್ದು ತಪ್ಪು. ಗ್ರಹ ಇಬ್ಬರು ಸೂರ್ಯರ ನಡುವೆ ಬಂದಾಗ ಮಾತ್ರ ರಾತ್ರಿ ಇರುವುದಿಲ್ಲ. ಅದು ಸುತ್ತಿಕೊಂಡು ಹಿರಿಸೂರ್ಯನ ಆ ಕಡೆಗೆ ಹೋದಾಗ ಇಬ್ಬರೂ ಆಕಾಶದ ಒಂದೇ ಕಡೆ ಇರುತ್ತಾರೆ, ಒಟ್ಟಿಗೆ ಮುಳುಗುತ್ತಾರೆ. ಆಗ ನಮ್ಮ ಊರಿನ ಹಾಗೇ ರಾತ್ರಿ. ಅವರಿಬ್ಬರೂ ನಕ್ಷತ್ರ ನೋಡಿದ್ದು ಸರಿಯಾಗಿಯೇ ಇದೆ. ನನ್ನ ಕುರಿಗಳ ಜೊತೆ ಬಯಲಲ್ಲಿ ಕೂತು ನಾಲ್ಕು ಸಲ ಓದಿದೆ. ಆ ಇಬ್ಬರೂ ಈಗ ಹೇಗಿದ್ದಾರೆ?”

ನಾನು ಸ್ಟೂಲಿನ ಮೇಲೆ ಕೂತೆ. ಡಸ್ಟರು, ಚಾಕ್‌ಪೀಸು, ಸೀಸದ ಗುಂಡು ಇಟ್ಟು ಮೇಜಿನ ಮೇಲೆ ಗ್ರಹವನ್ನು ಸುತ್ತಿಸಿ ನೋಡಿದೆ. ಒಂಬತ್ತನೇ ತರಗತಿಯ ಪಾಠ. ಪ್ರತಿ ವರ್ಷ ಇದೇ ಮೇಜಿನ ಮೇಲೆ ಮಕ್ಕಳಿಗೆ ತೋರಿಸುತ್ತಿದ್ದದ್ದು. ವರ್ಷದ ಬಹುಪಾಲು ರಾತ್ರಿ ಇತ್ತು. ಮೊದಲಿನಿಂದಲೂ ಇತ್ತು. ಕತ್ತಲು ಬೇಡ ಎಂಬ ನನ್ನ ಆಸೆಗೆ ನಾನು ಲೆಕ್ಕವನ್ನೇ ಹಾಕಿರಲಿಲ್ಲ. ಇಲ್ಲದ ತಪ್ಪನ್ನು ತಿದ್ದಿಸಲು ಆ ಪುಸ್ತಕವನ್ನು ಹೊಲಿಯದೆ ಬಸ್ಸಿಗೆ ಹಾಕಿದ್ದೆ.

ಮುಂದಿನ ಭಾನುವಾರ ಹಿರಿಯೂರಿಗೆ ನಾನೇ ಹೋದೆ. ಚೀಲ ಹೊಲಿದು, ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ. ಆ ಕ್ವಾರ್ಟರ್ಸಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ನುಗ್ಗೆಮರ ಅವರು ಬರೆದ ಜಾಗದಲ್ಲೇ ಇತ್ತು. ಗೋಡೆಯ ಗೂಟದಲ್ಲಿ ಒಂದೇ ಕೊಡೆ ನೇತಾಡುತ್ತಿತ್ತು. ಹಿರಿಯೂರಮ್ಮ ಚಾಪೆ ಹಾಕಿ ಕೂರಿಸಿ ನೀರು ಕೊಟ್ಟರು. ನಾನು ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದೆ. ಅವರು ಚಿತ್ರ ನೋಡಿದರು, ಓದಿದರು, ಕೊನೆಯ ಪ್ರಶ್ನೆಗೆ ಬಂದು ಅಲ್ಲೇ ನಿಂತರು.

ನನ್ನದೇ ತಪ್ಪು ಎಂದೆ. ಗ್ರಹ ತಿರುಗುವುದನ್ನು ನಾನು ಯೋಚನೆ ಮಾಡಲಿಲ್ಲ ಎಂದು ಇಡೀ ಪಾಠವನ್ನು ಅವರಿಗೆ ಹೇಳತೊಡಗಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

“ನಂಗೆ ಈ ಲೆಕ್ಕ ಏನೂ ಗೊತ್ತಿರ್ಲಿಲ್ಲ ಮೇಷ್ಟ್ರೆ. ನಾವು ಮಾಳಿಗೆ ಮ್ಯಾಲೆ ಮಲಗ್ತಿದ್ವಿ. ನಕ್ಷತ್ರ ಕಾಣ್ತಿದ್ವು. ಕಂಡಿದ್ದನ್ನ ಬರೆದೆ, ಅಷ್ಟೇ.”

ಆಮೇಲೆ ತಮ್ಮ ಅಧ್ಯಾಯದ ಪುಟ ತೆಗೆದು, ನನ್ನ ಕೆಂಪು ಅಕ್ಷರದ ಕೆಳಗೆ ಬೆರಳಿಟ್ಟು, ಮಾರ್ಕ್ಸು ತಿದ್ದಿ ಕೊಡ್ರಿ ಎಂದರು. ನಾನು ಆರನ್ನು ಹೊಡೆದು ಹಾಕಿದೆ. ಅಂಕಿಯಲ್ಲಿ ಬರೆದರೆ ಸಾಲದು ಎನ್ನಿಸಿ, ಹತ್ತಕ್ಕೆ ಹತ್ತು ಎಂದು ಅಕ್ಷರದಲ್ಲಿ ಬರೆದೆ. ಕೆಳಗೆ ರುಜು ಮಾಡಿದೆ, ಸಂಘದ ನಿಯಮ ಮುರಿದು, ನನ್ನ ನಿಜವಾದ ಹೆಸರಿನಲ್ಲಿ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಶಾಯಿ ಒಣಗುವವರೆಗೂ ನೋಡುತ್ತಾ ನಿಂತರು.

“ಅವಳು ಇದ್ದಿದ್ರೆ ಓಣಿಗೆಲ್ಲ ತೋರಿಸ್ಕಂಡು ಬರ್ತಿದ್ಲು” ಎಂದರು. “ಈಗ ಅವಳಿಗೇ ತೋರ್ಸಕ್ಕಾಗಲ್ಲ.”